ಗೋಮಾಳದ ದೃಷ್ಟಾಂತವೂ ಅದರ ಉತ್ತರವೂ: ಎಲಿನೊರ್ ಓಸ್ಟ್ರಂ ಅವರ ಗ್ರಂಥಗಳನ್ನು ಕುರಿತು

೧

ಅರ್ಥಶಾಸ್ತ್ರಕ್ಕೂ ರಾಜ್ಯಶಾಸ್ತ್ರಕ್ಕೂ ಸೇರಿದ ಗ್ರಂಥಗಳ ವಿಚಾರಕ್ಕೆ ಸಾಹಿತ್ಯ ಪತ್ರಿಕೆಯೊಂದರಲ್ಲಿ ಏನು ಸ್ಥಳವುಂಟು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಶಾಸ್ತ್ರಗಳು ಕೂಡ ಎಷ್ಟೋ ವೇಳೆ ಕಥೆಗಳ ಮೇಲೆ ನಿಂತಿರುತ್ತವೆ. ಕಥೆಯೊಂದು ಚಿಕ್ಕದಾಗಿಯೂ ಚೊಕ್ಕವಾಗಿಯೂ ಇದ್ದು, ಕೇಳಿದವನು ಒಡನೆಯೇ "ಹೌದು, ಲೋಕವಿರುವುದು ಹೀಗೆಯೇ" ಎಂದು ತಲೆದೂಗುವಂತಿದ್ದರೆ, ಅದು ಸಾವಿರ ಪುಟಗಳ ಲೆಕ್ಕಾಚಾರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ರಾಜ್ಯಗಳ ಕಾನೂನುಗಳನ್ನೂ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಅಂಥ ಕಥೆಯ ಸತ್ಯಾಸತ್ಯವನ್ನು ಪರೀಕ್ಷಿಸುವುದು ವಿಮರ್ಶಕನ ಕೆಲಸವಲ್ಲದೆ ಮತ್ತೆ ಯಾರದು?

ಪ್ರಕೃತ ಲೇಖನದ ವಿಷಯ ಅಂಥದೊಂದು ಕಥೆ. ಮತ್ತು ಆ ಕಥೆಗೆ ಉತ್ತರ ಹೇಳುವುದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ಅಮೆರಿಕಾ ದೇಶದ ವಿದುಷಿ ಎಲಿನೊರ್ ಓಸ್ಟ್ರಂ ಅವರ ಬರವಣಿಗೆ. ಈಕೆ ೧೯೩೩ರಲ್ಲಿ ಹುಟ್ಟಿ ೨೦೧೨ರಲ್ಲಿ ಕಾಲವಾದರು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಆಲಿವರ್ ವಿಲಿಯಂಸನ್ ಅವರಿಗೂ ಈಕೆಗೂ ಒಟ್ಟಾಗಿ ಸಂದಿತು. ಆ ಶಾಸ್ತ್ರದಲ್ಲಿ ಆ ಗೌರವವನ್ನು ಪಡೆದ ಮೊದಲನೆಯ ಸ್ತ್ರೀ ಈಕೆಯೇ.

ಸುಸ್ಥಿರ ಅಭಿವೃದ್ಧಿ ಎಂಬ ಮಾತು ಇಂದು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಇಂದಿನವರ ಅಗತ್ಯವೂ ತೀರಬೇಕು, ಮುಂದೆ ಬರುವವರ ಪಾಲೂ ಕೆಡಬಾರದು ಎಂಬುದು ಅದರ ತಾತ್ಪರ್ಯ. ನಾರ್ವೆ ದೇಶದ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆ ಏರ್ಪಡಿಸಿದ್ದ ಆಯೋಗವು ೧೯೮೭ರಲ್ಲಿ ತನ್ನ ವರದಿಯ ಮೂಲಕ ಆ ಮಾತಿಗೆ ಲೋಕಪ್ರಚಾರವನ್ನು ಕೊಟ್ಟಿತು. ಉಳಿಸಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಉಳಿಸತಕ್ಕವರು ಯಾರು ಎಂಬಲ್ಲಿಯೇ ಕಷ್ಟವಿರುವುದು. ಓಸ್ಟ್ರಂ ಅವರ ಸಮಸ್ತ ಪರಿಶ್ರಮವೂ ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ. ಈಕೆಯ ಹಿರಿಮೆಯಿರುವುದು ಒಂದು ಕಥೆಗೆ ಬದಲಾಗಿ ಮತ್ತೊಂದು ಕಥೆಯನ್ನು ಕಟ್ಟಿದ್ದರಲ್ಲಲ್ಲ. ಕಥೆ ಇದ್ದ ಸ್ಥಾನದಲ್ಲಿ ವಿಚಾರಣೆಯನ್ನು ತಂದು ಕೂರಿಸಿದ್ದರಲ್ಲಿ. ಈಕೆಯನ್ನು ಹೊಗಳುವವರೇ ಇದನ್ನು ಮರೆಯುತ್ತಿದ್ದಾರೆಂಬುದು ನನ್ನ ಭಯ.

೨

ಮೊದಲು ಆ ಕಥೆಯನ್ನು ಹೇಳಬೇಕು. ೧೯೬೮ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವಶಾಸ್ತ್ರಜ್ಞರು 'ಸೈನ್ಸ್' ಎಂಬ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅದರ ಮುಖ್ಯ ವಿಷಯ ಜನಸಂಖ್ಯೆಯ ಬೆಳವಣಿಗೆ. ಆದರೆ ಜನರ ನೆನಪಿನಲ್ಲಿ ನಿಂತದ್ದು ಅದರೊಳಗಿನ ಒಂದು ದೃಷ್ಟಾಂತ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಂಡಿತ ವಿಲಿಯಂ ಫಾರ್ಸ್ಟರ್ ಲಾಯ್ಡ್ ೧೮೩೩ರಲ್ಲಿ ಹೇಳಿದ್ದ ಮಾತಿನಿಂದ ಅದನ್ನು ಅವರು ಎತ್ತಿಕೊಂಡಿದ್ದರು. ಎಲ್ಲರಿಗೂ ತೆರೆದಿರುವ ಒಂದು ಹುಲ್ಲುಗಾವಲು. ಅದರಲ್ಲಿ ದನ ಮೇಯಿಸುವ ಹಲವರು. ಒಬ್ಬನು ಇನ್ನೊಂದು ದನವನ್ನು ಹೊಡೆದು ತಂದರೆ ಲಾಭವೆಲ್ಲ ಅವನದು. ಹುಲ್ಲು ಸವೆದ ನಷ್ಟವಾದರೋ ಎಲ್ಲರಿಗೂ ಹಂಚಿಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ಒಂದೊಂದಾಗಿ ದನವನ್ನು ಹೆಚ್ಚಿಸುತ್ತಲೇ ಹೋಗುತ್ತಾನೆ. ಕೊನೆಗೆ ಹುಲ್ಲೂ ಇಲ್ಲ, ದನವೂ ಇಲ್ಲ. ಯಾರೂ ದುಷ್ಟರಲ್ಲ, ಆದರೂ ಎಲ್ಲರೂ ಕೆಟ್ಟರು.

ಕಥೆಯೆಂಬ ದೃಷ್ಟಿಯಿಂದ ನೋಡಿದರೆ ಇದರ ರಚನೆಯನ್ನು ಮೆಚ್ಚಲೇಬೇಕು. ಪಾತ್ರಗಳಿಗೆ ಹೆಸರಿಲ್ಲ, ಊರಿಗೆ ಹೆಸರಿಲ್ಲ, ಕಾಲವಿಲ್ಲ. ಗ್ರೀಕರ ರುದ್ರನಾಟಕದಲ್ಲಿರುವಂತೆ ಮೊದಲ ಅಂಕದಲ್ಲಿಯೇ ಕೊನೆಯ ಅಂಕ ನಿಶ್ಚಿತವಾಗಿದೆ. ಆದರೆ ಇದರಲ್ಲಿ ಒಂದು ಲೋಪವಿದೆ. ಈ ಗೋಮಾಳದಲ್ಲಿ ಯಾರೂ ಮಾತನಾಡುವುದಿಲ್ಲ! ನಮ್ಮ ಯಾವ ಹಳ್ಳಿಯಲ್ಲಾದರೂ, ಒಬ್ಬನು ತನ್ನ ಪಾಲಿಗೆ ಮೀರಿ ಹತ್ತು ದನ ಬಿಟ್ಟರೆ, ಸಂಜೆಯೊಳಗೆ ಅರಳಿಕಟ್ಟೆಯ ಮೇಲೆ ಅದರ ಮಾತು ಬಾರದೆ ಇದ್ದೀತೆ? ಹಾರ್ಡಿನ್ನರ ದನಗಾಹಿಗಳಿಗೆ ಕಣ್ಣುಂಟು, ಲೆಕ್ಕ ಉಂಟು, ಬಾಯಿಲ್ಲ. ಮೂಗರ ಊರೊಂದನ್ನು ಕಲ್ಪಿಸಿ, ಆ ಊರಿನಲ್ಲಿ ಒಪ್ಪಂದ ಸಾಧ್ಯವಿಲ್ಲವೆಂದು ಸಿದ್ಧಾಂತ ಮಾಡಿದಂತಾಯಿತು.

ಈ ದೃಷ್ಟಾಂತದಿಂದ ಜನರು ಎರಡೇ ಪರಿಹಾರಗಳನ್ನು ತೆಗೆದರು. ಒಂದು, ಗೋಮಾಳವನ್ನು ಸರಕಾರ ವಶಪಡಿಸಿಕೊಂಡು ಕಾವಲಿಡತಕ್ಕದ್ದು. ಇನ್ನೊಂದು, ಅದನ್ನು ತುಂಡುತುಂಡಾಗಿ ಖಾಸಗಿಯವರಿಗೆ ಹಂಚತಕ್ಕದ್ದು. ಎರಡರಲ್ಲಿಯೂ ಗೋಮಾಳದ ಜನರ ಪಾತ್ರ ಒಂದೇ: ಅವರು ಅಧಿಕಾರಿಯ ಅಥವಾ ಒಡೆಯನ ಅಪ್ಪಣೆಯನ್ನು ಕಾಯತಕ್ಕವರು. ತಮ್ಮನ್ನು ತಾವು ಆಳಿಕೊಳ್ಳಲಾರರೆಂದು ಒಮ್ಮೆ ಜನರನ್ನು ಚಿತ್ರಿಸಿಬಿಟ್ಟರೆ, ಆಮೇಲೆ ಅವರನ್ನು ಹಾಗೆಯೇ ನಡೆಸಿಕೊಳ್ಳುವುದು ಸುಲಭ. ಹೀಗೆ ಸರಕಾರ ವಹಿಸಿಕೊಂಡ ಅರಣ್ಯಗಳಲ್ಲಿ ಎಷ್ಟೋ ಕಡೆ ಬೇಲಿಯೇ ಎದ್ದು ಹೊಲ ಮೇಯ್ದಂತಾದುದನ್ನು ವಾಚಕರು ಬಲ್ಲರು. ತಾವು ಹೇಳಬೇಕಾಗಿದ್ದುದು ಯಾರ ಆಡಳಿತಕ್ಕೂ ಒಳಪಡದ ಗೋಮಾಳದ ವಿಚಾರವೆಂದೂ, ಆ ವಿಶೇಷಣವನ್ನು ಬಿಟ್ಟದ್ದು ತಮ್ಮ ದೊಡ್ಡ ತಪ್ಪೆಂದೂ ಹಾರ್ಡಿನ್ನರೇ ೧೯೯೮ರಲ್ಲಿ ಬರೆದರು. ಅದು ಅವರ ಪ್ರಾಮಾಣಿಕತೆ. ಆದರೆ ಆ ವೇಳೆಗೆ ಕಥೆ ಮೂವತ್ತು ವರ್ಷ ಲೋಕಸಂಚಾರ ಮಾಡಿ ಮುಗಿಸಿತ್ತು.

೩

ಓಸ್ಟ್ರಂ ಅವರು ಹುಟ್ಟಿದ್ದು ಲಾಸ್ ಏಂಜಲೀಸ್ ನಗರದಲ್ಲಿ, ಅಮೆರಿಕಾದ ಮಹಾ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ. ಬಾಲ್ಯದಲ್ಲಿ ಮಾತು ತೊದಲುತ್ತಿತ್ತು. ಪಾಠಶಾಲೆಯ ಚರ್ಚಾಕೂಟದಲ್ಲಿ ಸೇರಿ ಅದನ್ನು ತಿದ್ದಿಕೊಂಡರು. ಯಾವ ಪ್ರಶ್ನೆಗೂ ಎರಡು ಪಕ್ಷಗಳಿವೆಯೆಂಬುದನ್ನು ಅಲ್ಲಿಯೇ ಕಲಿತರು. ಮನೆಯಲ್ಲಿ ಕಾಲೇಜಿನ ಮುಖ ಕಂಡವರಿರಲಿಲ್ಲ. ೧೯೫೪ರಲ್ಲಿ ಪದವೀಧರೆಯಾಗಿ ಉದ್ಯೋಗಕ್ಕೆ ಹೋದಲ್ಲೆಲ್ಲ ಕೇಳಿದ ಪ್ರಶ್ನೆ, ಬೆರಳಚ್ಚು ಬರುತ್ತದೆಯೇ, ಶೀಘ್ರಲಿಪಿ ಬರುತ್ತದೆಯೇ ಎಂದು. ಮುಂದೆ ಅರ್ಥಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂದರೆ, ಗಣಿತ ಸಾಲದೆಂದು ಬಾಗಿಲು ಮುಚ್ಚಿತು. ಹೆಣ್ಣುಮಗುವಿಗೆ ತ್ರಿಕೋನಮಿತಿ ಏತಕ್ಕೆಂದು ಪಾಠಶಾಲೆಯಲ್ಲಿ ಕಲಿಸಿರಲಿಲ್ಲ. ಹೀಗೆ ರಾಜ್ಯಶಾಸ್ತ್ರಕ್ಕೆ ಬಂದರು. ಯಾವ ಶಾಸ್ತ್ರ ಬಾಗಿಲು ಮುಚ್ಚಿತ್ತೋ ಆ ಶಾಸ್ತ್ರದ ಹೆಸರಿನಲ್ಲಿಯೇ ಕೊನೆಗೆ ನೊಬೆಲ್ ಪಾರಿತೋಷಕ ಬಂದುದನ್ನು ದೈವದ ವಿನೋದವೆನ್ನಬೇಕು.

ಈಕೆಯ ಪ್ರಥಮ ಪ್ರಬಂಧ, ೧೯೬೫ರದು, ತಮ್ಮ ಊರಿನ ನೆಲದೊಳಗಿನ ನೀರನ್ನು ಕುರಿತದ್ದು. ಲಾಸ್ ಏಂಜಲೀಸಿನ ಕರಾವಳಿಯಲ್ಲಿ 'ವೆಸ್ಟ್ ಬೇಸಿನ್' ಎಂಬ ಅಂತರ್ಜಲದ ಹರವಿದೆ. ನಗರಗಳೂ ಕಾರ್ಖಾನೆಗಳೂ ಪೈಪೋಟಿಯಿಂದ ಅದರ ನೀರನ್ನೆತ್ತುತ್ತಿದ್ದವು. ಸಿಹಿನೀರಿನ ಮಟ್ಟ ಇಳಿದಂತೆಲ್ಲ ಸಮುದ್ರದ ಉಪ್ಪುನೀರು ನೆಲದೊಳಗಿನಿಂದ ನುಗ್ಗತೊಡಗಿತು. ಇದು ಹಾರ್ಡಿನ್ನರ ಗೋಮಾಳವೇ ಸರಿ. ಆದರೆ ಇಲ್ಲಿ ಕಥೆ ಬೇರೆ ರೀತಿಯಲ್ಲಿ ನಡೆಯಿತು. ನೀರೆತ್ತುವವರು ಸಂಘ ಕಟ್ಟಿದರು, ಎಷ್ಟು ನೀರಿದೆ, ಯಾರು ಎಷ್ಟು ಎತ್ತುತ್ತಿದ್ದಾರೆ ಎಂಬ ಲೆಕ್ಕವನ್ನು ಎಲ್ಲರ ಮುಂದೆ ಇಟ್ಟರು, ನ್ಯಾಯಾಲಯಕ್ಕೆ ಹೋದರು, ಅಲ್ಲಿ ಹೋರಾಡುತ್ತಲೇ ಹೊರಗೆ ರಾಜಿ ಮಾಡಿಕೊಂಡು ತಂತಮ್ಮ ಪಾಲನ್ನು ಕಡಿಮೆ ಮಾಡಿಕೊಂಡರು, ಕೊನೆಗೆ ಕರಾವಳಿಯುದ್ದಕ್ಕೂ ಬಾವಿಗಳ ಸಾಲು ತೋಡಿ, ಅವುಗಳ ಮೂಲಕ ಸಿಹಿನೀರನ್ನು ನೆಲಕ್ಕಿಳಿಸಿ, ಸಮುದ್ರಕ್ಕೆ ನೀರಿನದೇ ತಡೆಗೋಡೆಯನ್ನು ಕಟ್ಟಿದರು. ಓಸ್ಟ್ರಂ ಅವರು ಆ ಸಭೆಗಳಲ್ಲಿ ಕುಳಿತು ಕೇಳಿದರು, ನಡವಳಿಗಳನ್ನು ಓದಿದರು. ಹಾರ್ಡಿನ್ನರ ಲೇಖನ ಬರುವುದಕ್ಕೆ ಮೂರು ವರ್ಷ ಮುಂಚೆಯೇ ಅದರ ಒಂದು ಉತ್ತರ ಈಕೆಯ ಕೈಯಲ್ಲಿ ಸಿದ್ಧವಾಗಿತ್ತು. ಅದು ಉತ್ತರವೆಂಬುದು ಈಕೆಗೇ ಗೊತ್ತಾಗಲು ಕಾಲ ಹಿಡಿಯಿತು.

ಅದೇ ವರ್ಷ ಪತಿ ವಿನ್ಸೆಂಟ್ ಓಸ್ಟ್ರಂ ಅವರಿಗೆ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ ಹುದ್ದೆ ದೊರೆಯಿತು. ಪತ್ನಿಗೆ ದೊರೆತದ್ದು ವಾರದಲ್ಲಿ ಮೂರು ದಿನ, ಶನಿವಾರವೂ ಸೇರಿ, ಬೆಳಗ್ಗೆ ಏಳೂವರೆಗೆ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೆಲಸ. ಅಲ್ಲಿಂದ ಆರಂಭಿಸಿ ಆ ವಿಭಾಗದ ಮುಖ್ಯಸ್ಥರ ಸ್ಥಾನದವರೆಗೆ ಬಂದರು. ೧೯೭೦ರಿಂದ ಮುಂದೆ ಹಲವು ವರ್ಷ ಇಂಡಿಯಾನಾಪೊಲಿಸ್ ಮೊದಲಾದ ನಗರಗಳ ಪೊಲೀಸು ಪಡೆಗಳನ್ನು ಪರಿಶೀಲಿಸಿದರು. ಚಿಕ್ಕ ಚಿಕ್ಕ ಠಾಣೆಗಳನ್ನೆಲ್ಲ ಒಂದೇ ದೊಡ್ಡ ಇಲಾಖೆಯಲ್ಲಿ ಲೀನ ಮಾಡಿದರೆ ಕೆಲಸ ಚೆನ್ನಾಗುವುದೆಂಬುದು ಆ ಕಾಲದ ನಂಬಿಕೆ. ಈಕೆಯೂ ಈಕೆಯ ಶಿಷ್ಯರೂ ಬೀದಿಬೀದಿಗೆ ಹೋಗಿ ಜನರನ್ನು ಕೇಳಿದರೆ, ತಮ್ಮ ಬಡಾವಣೆಯನ್ನು ಬಲ್ಲ ಚಿಕ್ಕ ಪಡೆಗಳ ಕೆಲಸ ದೊಡ್ಡದರ ಕೆಲಸಕ್ಕೆ ಸಮನಾಗಿಯೋ ಮಿಗಿಲಾಗಿಯೋ ಕಂಡುಬಂದಿತು. ನೀರಿನಿಂದ ಪೊಲೀಸಿಗೆ ಹಾರಿದ್ದು ಚಂಚಲತೆಯೆಂದು ತೋರಬಹುದು. ಆದರೆ ಪ್ರಶ್ನೆ ಎರಡು ಕಡೆಯೂ ಒಂದೇ: ಮೇಲಿನಿಂದ ನೋಡಿದವರಿಗೆ ಗೊಂದಲವೆಂದು ಕಾಣುವುದರಲ್ಲಿ, ಒಳಗಿರುವವರಿಗೆ ಒಂದು ವ್ಯವಸ್ಥೆ ಇದ್ದೀತೆ?

೧೯೭೩ರಲ್ಲಿ ದಂಪತಿಗಳು ತಮ್ಮ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದಾಗ ಅದನ್ನು 'ಕಮ್ಮಟ' ಎಂಬರ್ಥದ ಹೆಸರಿನಿಂದ ಕರೆದರು. ಇಬ್ಬರೂ ಊರಿನ ಬಡಗಿಯೊಬ್ಬರಿಂದ ಮರಗೆಲಸವನ್ನು ಕಲಿತು ಮನೆಯ ಪೀಠೋಪಕರಣಗಳನ್ನು ತಾವೇ ಮಾಡಿಕೊಂಡಿದ್ದವರು. ಮರದ ಜಾತಿ ನೋಡಿ ಉಳಿಯಿಡುವವನ ಶಿಸ್ತು ಈಕೆಯ ಗ್ರಂಥಗಳಲ್ಲಿಯೂ ಕಾಣುತ್ತದೆ.

೪

ಓಸ್ಟ್ರಂ ಅವರ ಕೀರ್ತಿಗೆ ಮುಖ್ಯ ಆಧಾರವಾದ ಗ್ರಂಥ ೧೯೯೦ರಲ್ಲಿ ಹೊರಬಂದ 'ಗವರ್ನಿಂಗ್ ದಿ ಕಾಮನ್ಸ್'. ಊರೊಟ್ಟಿನ ಸ್ವತ್ತಿನ ಆಳ್ವಿಕೆ ಎಂದು ಕನ್ನಡದಲ್ಲಿ ಹೇಳಬಹುದು. ಹಾರ್ಡಿನ್ನರ ಒಂದು ಹೆಸರಿಲ್ಲದ ಊರಿಗೆ ಎದುರಾಗಿ ಇದರಲ್ಲಿ ಹೆಸರುಳ್ಳ ಹತ್ತಾರು ಊರುಗಳು ಬರುತ್ತವೆ.

ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿಯಲ್ಲಿ, ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿಟ್ಟು ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಗೆಯಲ್ಲಿ ಊರೊಟ್ಟಿನ ಹುಲ್ಲುಗಾವಲಿಗೆ ಬಿಡಬಹುದೆಂದು ೧೫೧೭ರಲ್ಲಿ ಕಟ್ಟಳೆಯಾಯಿತು. ಎಂಥ ಸರಳವಾದ ನಿಯಮ! ಎಣಿಸುವುದು ಸುಲಭ, ಮೋಸ ಮಾಡುವುದು ಕಷ್ಟ. ಸ್ಪೇನಿನ ವಲೆನ್ಸಿಯಾದಲ್ಲಿ ೧೪೩೫ರಲ್ಲಿ ಎಂಬತ್ತನಾಲ್ಕು ಮಂದಿ ನೀರಾವರಿ ರೈತರು ಸಂನ್ಯಾಸಿಗಳ ಮಠದಲ್ಲಿ ಕೂಡಿ ತಮ್ಮ ಕಾಲುವೆಗಳ ನಿಯಮಗಳನ್ನು ಬರೆದುಕೊಂಡರು. ಅಲ್ಲಿಯ ನೀರಿನ ನ್ಯಾಯಸ್ಥಾನವು ಇಂದಿಗೂ ಗುರುವಾರ ಮಧ್ಯಾಹ್ನ ದೊಡ್ಡ ಇಗರ್ಜಿಯ ಬಾಗಿಲ ಬಳಿ, ಎಲ್ಲರೂ ನೋಡುತ್ತಿರುವಂತೆಯೇ, ಬಾಯಿಮಾತಿನಿಂದಲೇ ವ್ಯಾಜ್ಯಗಳನ್ನು ತೀರಿಸುತ್ತದೆ. ತುರ್ಕಿಯ ಅಲಾನ್ಯಾದಲ್ಲಿ ನೂರು ಮಂದಿ ಬೆಸ್ತರು ಮೀನು ಸಿಕ್ಕುವ ತಾಣಗಳಿಗೆಲ್ಲ ಹೆಸರಿಟ್ಟು, ಸೆಪ್ಟೆಂಬರಿನಲ್ಲಿ ಚೀಟಿಯೆತ್ತಿ ತಾಣಗಳನ್ನು ಹಂಚಿಕೊಳ್ಳುತ್ತಾರೆ. ಆಮೇಲೆ ಪ್ರತಿದಿನವೂ ಒಂದೊಂದು ತಾಣ ಪೂರ್ವಕ್ಕೆ ಸರಿಯುತ್ತಾರೆ. ಜನವರಿ ಕಳೆದ ಮೇಲೆ ಪಶ್ಚಿಮಕ್ಕೆ. ಒಳ್ಳೆಯ ತಾಣ ಇಂದು ನಿನ್ನದಾದರೆ ನಾಳೆ ನನ್ನದು. ಯಾವನಾದರೂ ಸರದಿ ತಪ್ಪಿಸಿದರೆ ಆ ದಿನದ ಹಕ್ಕುದಾರನೇ ಹಿಡಿಯುತ್ತಾನೆ. ಸಂಬಳದ ಕಾವಲುಗಾರ ಬೇಕಿಲ್ಲ. ಜಪಾನಿನ ಹಿರಾನೊ ಎಂಬ ಹಳ್ಳಿಯಲ್ಲಿ ಕುದುರೆಯ ಮೇಲೆ ಕಾವಲು ತಿರುಗುವವರು ತಪ್ಪಿತಸ್ಥರಿಂದ ಹಣವನ್ನೂ ಒಂದಿಷ್ಟು ಮದ್ಯವನ್ನೂ ದಂಡವಾಗಿ ವಸೂಲು ಮಾಡುವ ವಾಡಿಕೆಯಿತ್ತು. ನಗುವ ಸಂಗತಿಯೇನೋ ಸರಿ. ಆದರೆ ಮೊದಲ ತಪ್ಪಿಗೆ ದಂಡ ಲಘುವಾಗಿರತಕ್ಕದ್ದೆಂಬ ಜಾಣತನ ಅದರಲ್ಲಿದೆ.

ಈ ವೃತ್ತಾಂತಗಳನ್ನು ಓಸ್ಟ್ರಂ ಅವರು ತಾವೇ ಕಂಡು ಬರೆದದ್ದಲ್ಲ. ಟೋರ್ಬೆಲ್ ರಾಬರ್ಟ್ ನೆಟ್ಟಿಂಗ್ ಅವರದು, ಅಲಾನ್ಯಾ ಫಿಕ್ರೆತ್ ಬೆರ್ಕೆಸ್ ಅವರದು, ಜಪಾನು ಮಾರ್ಗರೆಟ್ ಮೆಕೀನ್ ಅವರದು. ಈಕೆ ಆ ಋಣವನ್ನು ಧಾರಾಳವಾಗಿ ಒಪ್ಪಿಕೊಂಡಿದ್ದಾರೆ. ಬೇರೆಬೇರೆ ಶಾಸ್ತ್ರಗಳವರು ಬೇರೆಬೇರೆ ಮೂಲೆಗಳಲ್ಲಿ ಬರೆದಿಟ್ಟು ಒಬ್ಬರನ್ನೊಬ್ಬರು ಓದದೆ ಬಿಟ್ಟಿದ್ದ ಕಡತಗಳನ್ನು ಒಂದೇ ಮೇಜಿನ ಮೇಲೆ ಹರಡಿ, ಸಾಲಿಗೆ ಸಾಲು ಹೋಲಿಸಿದ್ದು ಈಕೆಯ ಸ್ವಂತ ಸಾಧನೆ. ಸೋತ ಊರುಗಳನ್ನೂ ಈಕೆ ಮರೆಮಾಚಿಲ್ಲ. ಅದೇ ತುರ್ಕಿಯ ಬೋದ್ರುಮಿನ ಬೆಸ್ತರು ಸೋತದ್ದು, ಸಿಂಹಳದ ಕಿರಿಂದಿ ಓಯ ನೀರಾವರಿ ಕೆಟ್ಟದ್ದು, ಎಲ್ಲವೂ ಅದೇ ಗ್ರಂಥದಲ್ಲಿವೆ. ಗೆದ್ದವರ ಕಥೆಯನ್ನಷ್ಟೇ ಹೇಳಿದ್ದರೆ ಅದು ಸ್ತೋತ್ರವಾಗುತ್ತಿತ್ತು, ಶಾಸ್ತ್ರವಾಗುತ್ತಿರಲಿಲ್ಲ.

ಹೋಲಿಕೆಯ ಫಲವಾಗಿ, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಎಂಟು ಲಕ್ಷಣಗಳನ್ನು ಈಕೆ ಗುರುತಿಸಿದರು. ಸ್ವತ್ತಿನ ಎಲ್ಲೆ ಯಾವುದು, ಹಕ್ಕುದಾರರು ಯಾರು ಎಂಬುದು ಸ್ಪಷ್ಟವಾಗಿರಬೇಕು. ನಿಯಮಗಳು ಸ್ಥಳಕ್ಕೂ ಕಾಲಕ್ಕೂ ಹೊಂದಿರಬೇಕು. ನಿಯಮಕ್ಕೆ ಒಳಪಟ್ಟವರಿಗೆ ಅದನ್ನು ತಿದ್ದುವುದರಲ್ಲಿಯೂ ಪಾಲಿರಬೇಕು. ಕಾವಲುಗಾರರು ಬಳಕೆದಾರರಿಗೆ ಉತ್ತರ ಹೇಳತಕ್ಕವರಾಗಿರಬೇಕು. ದಂಡವು ಮೆಟ್ಟಿಲುಮೆಟ್ಟಿಲಾಗಿ ಏರಬೇಕು. ಜಗಳಗಳು ಹತ್ತಿರದಲ್ಲಿಯೇ, ಹೆಚ್ಚು ಖರ್ಚಿಲ್ಲದೆ, ತೀರಬೇಕು. ಜನರು ಕೂಡಿ ನಿಯಮ ಮಾಡಿಕೊಳ್ಳುವ ಹಕ್ಕನ್ನು ಸರಕಾರ ಒಪ್ಪಬೇಕು. ಸ್ವತ್ತು ದೊಡ್ಡದಾದರೆ ಚಿಕ್ಕ ಕೂಟಗಳು ದೊಡ್ಡ ಕೂಟಗಳೊಳಗೆ ಅಳವಡಬೇಕು. ಇವುಗಳಲ್ಲಿ ಒಂದೊಂದೂ ಹಳ್ಳಿಯ ಯಜಮಾನರು ಹೇಳಬಹುದಾದ ಮಾತೇ. ಇಷ್ಟಕ್ಕೆ ನೊಬೆಲ್ ಪಾರಿತೋಷಕವೆ ಎಂದು ಯಾರಾದರೂ ಮೂಗು ಮುರಿದರೆ, ಹಳ್ಳಿಯ ಯಜಮಾನರು ಬಲ್ಲದ್ದನ್ನು ಲೋಕದ ದೊಡ್ಡ ದೊಡ್ಡ ಪಂಡಿತರು ಮರೆತಿದ್ದರೆಂಬುದೇ ಅದಕ್ಕೆ ಉತ್ತರ.

ಈ ಮರೆವಿನ ಫಲವನ್ನು ತೋರಿಸುವ ಒಂದು ಸಂಗತಿ ಈಕೆಯ ನೇಪಾಳದ ಪರಿಶೀಲನೆಯಲ್ಲಿದೆ. ಅಲ್ಲಿ ರೈತರು ತಾವೇ ನಡೆಸುವ ಕಾಲುವೆಗಳ ಒಡ್ಡುಗಳು ಕಲ್ಲು, ಮಣ್ಣು, ಮರದ ಕೊಂಬೆಗಳವು, ಮಳೆಗಾಲದಲ್ಲಿ ಕೊಚ್ಚಿಹೋಗುತ್ತವೆ. ಸರಕಾರದ ಕಾಲುವೆಗಳಿಗೆ ಸಿಮೆಂಟಿನ ಭದ್ರವಾದ ಒಡ್ಡುಗಳು. ಆದರೂ ಒಟ್ಟಿನಲ್ಲಿ ಬೆಳೆ ಹೆಚ್ಚಾಗಿದ್ದುದೂ, ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟುತ್ತಿದ್ದುದೂ ರೈತರ ಕಾಲುವೆಗಳಲ್ಲಿಯೇ. ಕಾರಣವನ್ನು ಹುಡುಕಿದರೆ, ಒಡ್ಡನ್ನು ವರ್ಷವರ್ಷವೂ ಕಟ್ಟಲು ಮೇಲಿನ ಗದ್ದೆಯವನಿಗೆ ಕೆಳಗಿನ ಗದ್ದೆಯವನ ಮೈಗೆಲಸ ಬೇಕು; ಆದ್ದರಿಂದ ಅವನಿಗೆ ನೀರು ಬಿಡಲೇಬೇಕು. ಸಿಮೆಂಟು ಬಂದ ಕಡೆ ಆ ಹಂಗು ತಪ್ಪಿತು. ಹಂಗಿನೊಡನೆ ನೀರೂ ತಪ್ಪಿತು. ಅಭಿವೃದ್ಧಿಯ ಹೆಸರಿನಲ್ಲಿ ನಾವು ಕಟ್ಟುವ ಕಟ್ಟಡಗಳು ಎಂಥ ಕಾಣದ ಕಟ್ಟಡಗಳನ್ನು ಕೆಡವುತ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಬೇರೆ ಓದಿಲ್ಲ.

೫

ಇನ್ನು ದೋಷವಿಚಾರ. ಮೊದಲನೆಯದು ಶೈಲಿ. ಓಸ್ಟ್ರಂ ಅವರ ಗದ್ಯ ಶ್ಯಾನುಭೋಗರ ಕಡತದಂತೆ ನಿಷ್ಕೃಷ್ಟ, ಅಷ್ಟೇ ಶುಷ್ಕ. ಪರಿಭಾಷೆ ಬಹಳ, ಪಟ್ಟಿಗಳು ಬಹಳ. ವಯಸ್ಸಾದಂತೆಲ್ಲ ಪಟ್ಟಿಗಳು ಬೆಳೆದವು. ಜನಜೀವನವೂ ಪ್ರಕೃತಿಯೂ ಹೆಣೆದುಕೊಂಡಿರುವುದನ್ನು ಪರೀಕ್ಷಿಸಲು ೨೦೦೯ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿಯೇ ಈಕೆ ಪ್ರಕಟಿಸಿದ ಚೌಕಟ್ಟಿನಲ್ಲಿ ನೋಡಬೇಕಾದ ಅಂಶಗಳು ಹತ್ತಾರು. ಹಾರ್ಡಿನ್ನರ ಕಥೆಯನ್ನು ಒಮ್ಮೆ ಕೇಳಿದವನು ಮರೆಯಲಾರ. ಓಸ್ಟ್ರಂ ಅವರ ಉತ್ತರವನ್ನು ಎರಡು ಸಲ ಓದಿದವನೂ ಒಪ್ಪಿಸಲಾರ. ಇದು ಸಣ್ಣ ದೋಷವಲ್ಲ. ಆದರೆ ಇದು ಒಂದು ವ್ರತದ ಬೆಲೆ ಎಂದೂ ಹೇಳಬೇಕು. ಎಲ್ಲ ಊರುಗಳಿಗೂ ಒಂದೇ ಮದ್ದಿಲ್ಲವೆಂದು ನಂಬಿದವರು ಎಲ್ಲ ಊರುಗಳಿಗೂ ಸಲ್ಲುವ ಒಂದೇ ಕಥೆಯನ್ನು ಹೇಗೆ ಬರೆದಾರು?

ಎರಡನೆಯದು ಇದಕ್ಕಿಂತ ಗುರುತರವಾದದ್ದು. ಅದನ್ನು ನಮ್ಮ ನಾಡಿನ ಉದಾಹರಣೆಯಿಂದಲೇ ಹೇಳುತ್ತೇನೆ. ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿಯೆಂಬವನಿದ್ದನಷ್ಟೆ. ತೂಬನ್ನೆತ್ತುವುದು, ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವುದು, ಬರಗಾಲದಲ್ಲಿ ಯಾರಿಗೆ ಎಷ್ಟೆಂದು ತೂಗಿ ಕೊಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಾಳು ಅವನ ಕೂಲಿ. ಓಸ್ಟ್ರಂ ಅವರ ಎಂಟು ಲಕ್ಷಣಗಳಲ್ಲಿ ಹಲವು ಈ ಒಬ್ಬನಲ್ಲಿಯೇ ಮೂರ್ತಿವೆತ್ತಂತೆ ಕಾಣುತ್ತವೆ. ಆದರೆ ಅನೇಕ ಗ್ರಾಮಗಳಲ್ಲಿ ಈ ನೀರುಗಂಟಿ ಅಸ್ಪೃಶ್ಯನೆಂದು ದೂರವಿಡಲ್ಪಟ್ಟ ಜಾತಿಯವನು. ಊರಿನ ಗದ್ದೆಗೆಲ್ಲ ನೀರು ಹಂಚಿದ ಕೈ, ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಎಷ್ಟೋ ಕಡೆ ಅವನಿಗೆ ಸ್ವಂತ ಗದ್ದೆಯಿರಲಿಲ್ಲ. ಅವನ ಹಂಚಿಕೆ ಪಕ್ಷಪಾತವಿಲ್ಲದ್ದೆಂದು ಜನ ನಂಬಿದ್ದುದಕ್ಕೆ ಅದೂ ಒಂದು ಕಾರಣ. ನ್ಯಾಯವಾದ ಹಂಚಿಕೆಯೊಂದು ಅನ್ಯಾಯದ ಅಡಿಪಾಯದ ಮೇಲೆ ಶತಮಾನಗಳ ಕಾಲ ನಿಲ್ಲಬಹುದೆಂಬುದು ನಮಗೆ ಹೊಸ ವಿಷಯವಲ್ಲ.

ಓಸ್ಟ್ರಂ ಅವರ ಗ್ರಂಥದಲ್ಲಿ ಬಾಳಿಕೆಯ ಪ್ರಶ್ನೆಗೆ ದೊರೆತಷ್ಟು ಸ್ಥಳ ಈ ಪ್ರಶ್ನೆಗೆ ದೊರೆತಿಲ್ಲ. ಎಲ್ಲೆ ಸ್ಪಷ್ಟವಾಗಿರಬೇಕೆಂದರೆ, ಎಲ್ಲೆಯ ಹೊರಗೆ ಉಳಿದವರು ಯಾರು? ವ್ಯವಸ್ಥೆ ಬಾಳಿತೆಂದರೆ, ಯಾರ ಬೆನ್ನಿನ ಮೇಲೆ ಬಾಳಿತು? ಈ ಆಕ್ಷೇಪಣೆಯನ್ನು ಅನೇಕರು ಎತ್ತಿದ್ದಾರೆ, ಅದು ನ್ಯಾಯವಾದದ್ದೇ. ಆದರೆ ಇದಕ್ಕೆ ಸಮಾಧಾನವೂ ಅದೇ ಗ್ರಂಥದಲ್ಲಿದೆಯೆಂಬುದು ನನ್ನ ಎಣಿಕೆ. ಈಕೆಯ ಮೂರನೆಯ ಲಕ್ಷಣವನ್ನು ಮತ್ತೊಮ್ಮೆ ಓದಿ: ನಿಯಮಕ್ಕೆ ಒಳಪಟ್ಟವರಿಗೆ ಅದನ್ನು ತಿದ್ದುವುದರಲ್ಲಿ ಪಾಲಿರಬೇಕು. ನೀರುಗಂಟಿಯನ್ನು ಅರಳಿಕಟ್ಟೆಯ ಮೇಲೆ ಕೂರಿಸದ ಊರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಹಳೆಯ ಗ್ರಾಮಜೀವನವನ್ನು ಕೊಂಡಾಡುವುದಕ್ಕೆ ಓಸ್ಟ್ರಂ ಅವರ ಹೆಸರನ್ನು ಬಳಸುವವರು ಇದನ್ನು ಗಮನಿಸಬೇಕು. ಈಕೆಯ ಅಳತೆಗೋಲು ಅವರು ತಿಳಿದಿರುವುದಕ್ಕಿಂತ ಕಠಿನವಾದದ್ದು. ಸರಕಾರವೇ ಸರ್ವಸ್ವವೆಂಬ ಕಥೆಯನ್ನು ಬಿಟ್ಟು, ಗ್ರಾಮವೇ ಸ್ವರ್ಗವೆಂಬ ಕಥೆಯನ್ನು ಹಿಡಿದರೆ, ನಾವು ಈಕೆಯಿಂದ ಏನನ್ನೂ ಕಲಿಯಲಿಲ್ಲವೆಂದೇ ಅರ್ಥ.

೬

ಮೂರನೆಯ ಆಕ್ಷೇಪಣೆ ಅಳತೆಯದು. ನೂರು ಬೆಸ್ತರು ಚೀಟಿಯೆತ್ತಬಹುದು. ಭೂಮಂಡಲದ ವಾಯುವನ್ನು ಹಂಚಿಕೊಳ್ಳುವ ಕೋಟ್ಯಂತರ ಜನ ಎಲ್ಲಿ ಕೂಡಿ ಚೀಟಿಯೆತ್ತುವುದು? ಕೊನೆಯ ವರ್ಷಗಳಲ್ಲಿ ಓಸ್ಟ್ರಂ ಅವರು ಈ ಪ್ರಶ್ನೆಯನ್ನೇ ಎದುರಿಸಿದರು. ೨೦೦೯ರಲ್ಲಿ ವಿಶ್ವಬ್ಯಾಂಕಿಗಾಗಿ ಬರೆದ ಪ್ರಬಂಧದಲ್ಲಿ, ವಾಯುಗುಣದ ವಿಪತ್ತಿಗೆ ಜಗತ್ತಿನ ರಾಜ್ಯಗಳೆಲ್ಲ ಮಾಡಿಕೊಳ್ಳಬೇಕಾದ ಒಂದೇ ಮಹಾ ಒಪ್ಪಂದವನ್ನು ಕಾಯುತ್ತ ಕೂರಬಾರದೆಂದೂ, ಮನೆ, ಊರು, ನಗರ, ಪ್ರಾಂತ, ದೇಶ ಎಲ್ಲ ಮಟ್ಟಗಳಲ್ಲಿಯೂ ಕೆಲಸ ಒಟ್ಟೊಟ್ಟಿಗೆ ಆರಂಭವಾಗಬೇಕೆಂದೂ ವಾದಿಸಿದರು. ಹಲವು ಕೇಂದ್ರಗಳ ಆಡಳಿತವೆಂಬ ಈ ತತ್ತ್ವ, ಆ ಹಳೆಯ ಪೊಲೀಸು ಪರಿಶೀಲನೆಯಲ್ಲಿಯೂ ಇದ್ದದ್ದೇ. ಈ ಭಾಗದಲ್ಲಿ ಈಕೆಯ ವಾದ ನನಗೆ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಕಲ್ಲಿದ್ದಲು ಸುಡುವ ದೊಡ್ಡ ದೇಶವೂ, ಅದರಿಂದ ಮುಳುಗಲಿರುವ ಚಿಕ್ಕ ದ್ವೀಪವೂ ನೇಪಾಳದ ಮೇಲಿನ ಗದ್ದೆ ಕೆಳಗಿನ ಗದ್ದೆಗಳಂತಲ್ಲ. ಮೇಲಿನವನಿಗೆ ಇಲ್ಲಿ ಕೆಳಗಿನವನ ಮೈಗೆಲಸ ಬೇಕಾಗಿಯೇ ಇಲ್ಲ. ಆ ಹಂಗನ್ನು ಹೊಸದಾಗಿ ಎಲ್ಲಿಂದ ತರಬೇಕೆಂಬುದಕ್ಕೆ ಈಕೆಯ ಗ್ರಂಥಗಳಲ್ಲಿ ಸಾಕಷ್ಟು ಉತ್ತರವಿಲ್ಲ. ಆದರೆ ಕಾಯುತ್ತ ಕೂರಬಾರದೆಂಬ ಮಾತು ಮಾತ್ರ ಅಲ್ಲಗಳೆಯುವಂಥದಲ್ಲ.

೨೦೧೨ರ ಜೂನ್ ೧೨ರಂದು ಓಸ್ಟ್ರಂ ಅವರು ಅರ್ಬುದರೋಗದಿಂದ ತೀರಿಕೊಂಡರು. ಇದೇ ವಿಷಯವನ್ನು ಕುರಿತು, ಮುಂದಿನ ವಾರ ರಿಯೋ ನಗರದಲ್ಲಿ ಸೇರಲಿದ್ದ ಸುಸ್ಥಿರ ಅಭಿವೃದ್ಧಿಯ ವಿಶ್ವಸಮ್ಮೇಳನವನ್ನು ಉದ್ದೇಶಿಸಿ ಈಕೆ ಬರೆದಿದ್ದ ಲೇಖನ ಅದೇ ದಿನ ಪ್ರಕಟವಾಯಿತು. ಹದಿನೇಳು ದಿನಗಳ ಮೇಲೆ ಪತಿಯೂ ತೀರಿಕೊಂಡರು.

ನಮಗೆ ಹತ್ತಿರದ ಇನ್ನೊಂದು ಬರೆಹ ಈಕೆಯ ಮರಣಾನಂತರ, ೨೦೧೪ರಲ್ಲಿ, ಬೆಳಕು ಕಂಡಿತು. ಬೆಂಗಳೂರಿನ ವಿದ್ವಾಂಸೆ ಹರಿಣಿ ನಾಗೇಂದ್ರ ಅವರೊಡನೆ ಸೇರಿ ಬರೆದ ಆ ಲೇಖನದ ವಿಷಯ ಬೆಂಗಳೂರಿನ ಕೆರೆಗಳು. ಪಕ್ಕದಲ್ಲಿ ಹೊಳೆಯಿಲ್ಲದ ಆ ಊರಿಗೆ ಕೆರೆಗಳೇ ಪ್ರಾಣವಾಗಿದ್ದುದು ಎಲ್ಲರಿಗೂ ತಿಳಿದ ವಿಷಯ. ನಲ್ಲಿಯ ನೀರು ದೂರದಿಂದ ಬಂದ ಮೇಲೆ ಕೆರೆಯ ಹಂಗು ತಪ್ಪಿತು. ಅದರ ಫಲವಾಗಿ ಕೆಲವು ಕೆರೆಗಳು ಬಸ್ಸು ನಿಲ್ದಾಣಗಳೂ ಬಡಾವಣೆಗಳೂ ಆದವು. ಕೆಲವು ಕೊಳಚೆಯ ಮಡುಗಳಾದವು. ಈಚೆಗೆ ಕೆಲವು ಕೆರೆಗಳ ಸುತ್ತಣ ನಿವಾಸಿಗಳು ಕೂಡಿ ಅವುಗಳಿಗೆ ಮರುಜೀವ ಕೊಟ್ಟಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಕೆರೆಯಂಗಳದ ಹುಲ್ಲನ್ನು ಕೊಯ್ಯುತ್ತಿದ್ದವಳು, ದನ ತೊಳೆಯುತ್ತಿದ್ದವನು, ಬಲೆ ಬೀಸುತ್ತಿದ್ದವನು, ಬಟ್ಟೆ ಒಗೆಯುತ್ತಿದ್ದವನ ಮನೆಯವರು, ಇವರೆಲ್ಲರಿಗೆ ಆ ಹೊಸ ಬೇಲಿಯೊಳಗೆ ಸ್ಥಳವಿದೆಯೇ? ಅಥವಾ ಬೆಳಗಿನ ವಾಯುಸೇವನೆಗೆ ಬರುವವರಿಗೆ ಮಾತ್ರವೋ? ಎಲ್ಲೆ ಯಾವುದು, ಹಕ್ಕುದಾರರು ಯಾರು ಎಂಬ ಮೊದಲನೆಯ ಲಕ್ಷಣವೂ, ನಿಯಮ ತಿದ್ದುವ ಮಾತಿನಲ್ಲಿ ಪಾಲು ಯಾರಿಗೆ ಎಂಬ ಮೂರನೆಯ ಲಕ್ಷಣವೂ ಇಲ್ಲಿ ಮತ್ತೆ ಎದುರೆದುರಾಗಿ ನಿಲ್ಲುತ್ತವೆ. ಟೋರ್ಬೆಲ್ಲಿನ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದಿದೆ.

೭

ಸಾಹಿತ್ಯಸಂಘದವರಾದ ನಮಗೆ ಈ ಗ್ರಂಥಗಳಿಂದ ಒಂದು ಕೆಲಸವೂ ದೊರೆಯುತ್ತದೆ. ಓಸ್ಟ್ರಂ ಅವರು ಹೋಲಿಸಿ ನೋಡಿದ್ದು ಯಾರೋ ತಾಳ್ಮೆಯಿಂದ ಕೇಳಿ ಬರೆದಿಟ್ಟ ವೃತ್ತಾಂತಗಳನ್ನು. ಹಾಗೆ ಬರೆದಿಡದೆ ಹೋದ ಊರುಗಳು ಆ ಮೇಜಿನ ಮೇಲೆ ಬರಲೇ ಇಲ್ಲ. ನಮ್ಮ ಜಿಲ್ಲೆಯ ಕೆರೆಗಳ ಸರದಿಯ ಪದ್ಧತಿ ಹೇಗಿತ್ತು, ಗುಂಡುತೋಪಿನ ಹಣ್ಣನ್ನು ಹೇಗೆ ಹಂಚುತ್ತಿದ್ದರು, ತಪ್ಪಿದವನಿಗೆ ಏನು ದಂಡ, ಕಟ್ಟೆಯ ಮೇಲೆ ಕೂರಲು ಯಾರಿಗೆ ಹಕ್ಕಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ಬಲ್ಲ ಮುದುಕರು ಮುದುಕಿಯರು ಇನ್ನೂ ಕೆಲವರಿದ್ದಾರೆ. ತೂಬು, ಕೋಡಿ, ಮಂಡ ಎಂಬ ಮಾತುಗಳು ನಮ್ಮ ಮಕ್ಕಳಿಗೆ ನಿಘಂಟಿನ ಮಾತುಗಳಾಗುತ್ತಿವೆ. ಆ ಹಿರಿಯರ ಬಳಿ ಹೋಗಿ ಕುಳಿತು, ಹೊಗಳದೆ, ಹಳಿಯದೆ, ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವುದು ನಮ್ಮಿಂದಾಗದ ಕೆಲಸವಲ್ಲ. ನೀರುಗಂಟಿಯ ಮೊಮ್ಮಕ್ಕಳ ಮನೆಯಿಂದಲೇ ಅದನ್ನು ಆರಂಭಿಸಿದರೆ ಒಳ್ಳೆಯದು.

ಹಾರ್ಡಿನ್ನರ ಗೋಮಾಳದಲ್ಲಿ ಯಾರೂ ಮಾತನಾಡಲಿಲ್ಲ. ಮಾತನಾಡುವವರು ಇದ್ದಾರೆಂದು ತೋರಿಸಿಕೊಟ್ಟದ್ದು ಓಸ್ಟ್ರಂ ಅವರ ಸಾಧನೆ. ಅವರಲ್ಲಿ ಯಾರ ಮಾತು ಇನ್ನೂ ಕೇಳಿಸಿಲ್ಲವೆಂದು ವಿಚಾರಿಸುವುದು ಆಕೆಯನ್ನು ಓದಿದವರ ಹೊಣೆ.